ಸುಣ್ಣ ಕೇಳಿದ ಪೋರ್ಚುಗೀಸ್ ಮೇಸ್ತ್ರಿ

ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೊರಟ ರಸ್ತೆ ಊರು ದಾಟಿದ ಮೇಲೆ ಒಂದು ಏರಿಯನ್ನು ಹತ್ತುತ್ತದೆ. ಅದು ರಾಯಕೆರೆಯ ಏರಿ. ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಗೆ ಕೃಷ್ಣದೇವರಾಯ ಕಟ್ಟಿಸಿದ ಒಡ್ಡು. ಆಳಂದದ ಮಟಕಿಯಿಂದ, ಅಂದರೆ ಕೊರಳ್ಳಿಯ ಅಮರ್ಜಾ ಜಲಾಶಯ ಕಂಡವರ ಸೀಮೆಯಿಂದ ಬಂದವರು ಇಲ್ಲಿ ಇಳಿದರೆ ಮೊದಲು ನೀರನ್ನೇ ಹುಡುಕುತ್ತಾರೆ. ಕೆರೆಯಂಗಳದಲ್ಲಿ ಈಗ ಬೇಸಾಯ ನಡೆದಿದೆ. ಏರಿ ಮಾತ್ರ ಐನೂರು ವರ್ಷ ಕಳೆದರೂ ಲಾರಿಗಳ ಭಾರ ಹೊತ್ತು ನಿಂತಿದೆ.

1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕಾಮಗಾರಿಯನ್ನು ಕಣ್ಣಾರೆ ಕಂಡಿದ್ದ. ಹದಿನೈದು ಇಪ್ಪತ್ತು ಸಾವಿರ ಆಳುಗಳು, ಕಾಲಿಡಲೂ ಜಾಗವಿರಲಿಲ್ಲ ಎನ್ನುತ್ತಾನೆ. ಗುಡ್ಡದ ನೀರು ಸಾಲದೆಂದು ಮೂರು ಹರದಾರಿಗೂ ಆಚೆಯ ಇನ್ನೊಂದು ಕೆರೆಯಿಂದ ಕೊಳವೆಗಳಲ್ಲಿ ನೀರು ತಂದಿದ್ದರು. ಗದ್ದೆ ತೋಟಗಳಿಗೆ ನೀರು ಬಿಡುವ ತೂಬಿಗೆ ಕೆತ್ತನೆಯ ಮೂರು ದೊಡ್ಡ ಕಂಬಗಳಿದ್ದವು.

ಎಲ್ಲರೂ ಹೇಳುವ ಕತೆ ಮಾತ್ರ ನರಬಲಿಯದು. ಒಡ್ಡು ಎರಡು ಮೂರು ಸಲ ಒಡೆಯಿತು, ಅರವತ್ತು ಜನರನ್ನೂ ಕುದುರೆ, ಎಮ್ಮೆಗಳನ್ನೂ ಬಲಿ ಕೊಟ್ಟರು ಎಂದು ಪೇಸ್ ಬರೆದಿದ್ದಾನೆ. ಸುಮಾರು ಹದಿನೈದು ವರ್ಷದ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್, ಫೆರ್ನಾವೊ ನೂನಿಜ್, ಸತ್ತವರು ಮರಣದಂಡನೆಗೆ ಅರ್ಹರಾದ ಕೈದಿಗಳು ಎನ್ನುತ್ತಾನೆ. ಅಷ್ಟಕ್ಕೇ ಬಿಡದೆ, ಜೊಆಂವ್ ಡೆಲ್ಲಾ ಪೋಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನನ್ನೂ ತರುತ್ತಾನೆ. ಸುಣ್ಣ ಸಿದ್ಧಮಾಡಿಸಿ ಎಂದು ಆತ ಕೇಳಿದನಂತೆ. ಈ ನಾಡಿನವರಿಗೆ ಸುಣ್ಣದ ಬಳಕೆಯೇ ಗೊತ್ತಿಲ್ಲದ್ದರಿಂದ ರಾಯ ನಕ್ಕುಬಿಟ್ಟನಂತೆ!

ಇದನ್ನು ನಂಬುವುದು ಹೇಗೆ? ಹಂಪಿಯ ಕಮಲ ಮಹಲಿನ ಗೋಡೆ ಮುಟ್ಟಿದರೆ ಕೈಗೆ ಸಿಗುವುದೇ ಸುಣ್ಣದ ಗಾರೆ. ಇಟ್ಟಿಗೆ ಗೋಪುರಗಳ ಮೇಲಿನ ಗಾರೆಬೊಂಬೆಗಳು ಇಂದಿಗೂ ಇವೆ. ಸುಣ್ಣದ ವಿಷಯದಲ್ಲೇ ಇಷ್ಟು ಎಡವಿದವನು ಬಲಿಯ ವಿಷಯದಲ್ಲಿ ಎಷ್ಟು ಸರಿ? ಪೇಸ್ ಕೂಡ ಹೇಳಿರುವುದರಿಂದ ಕತೆಯನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ರಕ್ತ ಬಿದ್ದದ್ದರಿಂದಲೇ ಕೆಲಸ ಮುಂದೆ ಸಾಗಿತು ಎಂಬ ನೂನಿಜನ ಮಾತು ಆ ಸಾವಿರಾರು ಆಳುಗಳ ಬೆವರಿಗೆ ಮಾಡಿದ ಅನ್ಯಾಯ.

ಅದೇ ನೂನಿಜ್ ಬರೆದ, ಯಾರೂ ಎತ್ತಿ ಹೇಳದ ಸಂಗತಿಯೊಂದಿದೆ. ಈ ನೀರಿನ ಕೆಳಗಿನ ಜಮೀನಿಗೆ ರಾಯ 9 ವರ್ಷ ಕಂದಾಯ ಬಿಟ್ಟಿದ್ದ. ನೀರು ಬಂದ ಮಾತ್ರಕ್ಕೆ ಗದ್ದೆ ಆಗುವುದಿಲ್ಲ. ನೆಲ ಸಮ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೋಡಬೇಕು. ತೊಗರಿ, ಜೋಳ ನಂಬಿದ ಆಳಂದ, ಅಫಜಲಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂನಿಜ್ ಬರೆಯುವ ಹೊತ್ತಿಗೆ ಆ ಜಮೀನುಗಳಿಂದ ಬರುವ ಆದಾಯ 20,000 ವರಾಹ ಮುಟ್ಟಿತ್ತು.