ಮಗು ತಾನೇ ಆರಿಸಿಕೊಂಡ ಪುಸ್ತಕ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ನೋಂದಣಿಯಾದ ಮಕ್ಕಳನ್ನು ಎಣಿಸುವುದು ಸುಲಭ. ಆದರೆ ಹೆಸರು ಬರೆಸಿದ ಮಗು ಮತ್ತೆ ಬರುವುದೋ ಇಲ್ಲವೋ ಎಂಬುದನ್ನು ಅದು ಮೊದಲ ದಿನ ಕೈಗೆತ್ತಿಕೊಂಡ ಪುಸ್ತಕವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಆರೇಳು ವರ್ಷದ ಮಗು ಲೇಖಕರ ಹೆಸರು ನೋಡಿ ಪುಸ್ತಕ ಆರಿಸುವುದಿಲ್ಲ. ಮುಖಪುಟದ ಮೇಕೆ ತನ್ನ ಮನೆಯ ಮೇಕೆಯಂತಿದೆ, ಕಥೆಯ ಅಜ್ಜಿಯೂ ಎಲೆಯಡಿಕೆ ಮೆಲ್ಲುತ್ತಾಳೆ, ಆ ಹುಡುಗನಿಗೂ ಕತ್ತಲೆಂದರೆ ಭಯ. ಇಂತಹ ಒಂದು ಗುರುತು ಸಿಕ್ಕರೆ ಸಾಕು. ಅಕ್ಷರ ಕೂಡಿಸಲು ತಡವರಿಸುವ ಮಗುವಿಗೂ ಮೇಕೆ ಬೇಲಿ ಹಾರಿದರೆ ಮುಂದೇನಾಗುವುದೆಂದು ಗೊತ್ತು. ಆ ತಿಳಿವಳಿಕೆಯ ಬಲದಿಂದಲೇ ಅದು ಕಠಿಣ ಪದವನ್ನು ಊಹಿಸಿ ಮುಂದೆ ಸಾಗುತ್ತದೆ. ಅದೇ ಪುಸ್ತಕವನ್ನು ಹತ್ತು ಬಾರಿ ಕೇಳಿದರೆ ಹಠವೆಂದು ಭಾವಿಸಬೇಕಾಗಿಲ್ಲ. ಮರು ಓದಿನಲ್ಲಿ ಪದಗಳು ಪರಿಚಿತವಾಗುತ್ತವೆ. ಹಾಗೆಂದು ಹಳ್ಳಿಯ ಮಕ್ಕಳಿಗೆ ಹಳ್ಳಿಯ ಕಥೆಯೇ ಸಾಕೆಂದು ಹಿರಿಯರು ತೀರ್ಮಾನಿಸುವುದೂ ಸರಿಯಲ್ಲ. ಕಡಲನ್ನೇ ಕಾಣದ ಮಗು ತಿಮಿಂಗಿಲದ ಪುಸ್ತಕವನ್ನು ಬಿಡದೆ ಹಿಡಿದುಕೊಳ್ಳುವುದುಂಟು. ಆ ಕುತೂಹಲವೂ ಅದರ ಸ್ವಂತದ್ದೇ.

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಆದರೂ ಹರಿದೀತೆಂಬ ಭಯದಿಂದ ಚಿತ್ರಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ರೂಢಿ ಕೆಲವೆಡೆ ಉಳಿದಿದೆ. ದಾಸ್ತಾನು ವಹಿಯ ಲೆಕ್ಕ ಸರಿಯಾಗಿರುತ್ತದೆ, ಮಕ್ಕಳು ಮಾತ್ರ ಇರುವುದಿಲ್ಲ. ಇದಕ್ಕೆ ಮೇಲ್ವಿಚಾರಕರನ್ನಷ್ಟೇ ದೂರುವುದು ನ್ಯಾಯವಲ್ಲ. ಹರಿದ ಪುಸ್ತಕಕ್ಕೆ ಉತ್ತರ ಹೇಳಬೇಕಾದವರು ಅವರೇ ಆದುದರಿಂದ, ಮಕ್ಕಳ ಕೈಯಲ್ಲಿ ಸವೆದ ಪ್ರತಿಯನ್ನು ಅವರ ನಿರ್ಲಕ್ಷ್ಯವೆಂದು ಎಣಿಸಲಾಗದೆಂಬ ಭರವಸೆ ಸದಸ್ಯರಿಂದ ದೊರೆಯಬೇಕು.

ಆರು ವರ್ಷದ ಮಗುವಿನ ಎತ್ತರ ಸುಮಾರು ಮೂರೂಮುಕ್ಕಾಲು ಅಡಿ. ಮಕ್ಕಳ ಕಪಾಟಿನ ಮೇಲಿನ ಹಲಗೆ ಮೂರು ಅಡಿಯನ್ನು ಮೀರದಿದ್ದರೆ, ಪುಸ್ತಕಗಳ ಮುಖಪುಟ ಎದುರಿಗೆ ಕಾಣುವಂತಿದ್ದರೆ, ಮಗು ಯಾರನ್ನೂ ಕೇಳದೆ ಆರಿಸಿಕೊಳ್ಳುತ್ತದೆ. ಓದಿ ಮುಗಿಸಿದ ಮೇಲೆ ಕಥೆಯ ನೀತಿಯನ್ನು ಒಪ್ಪಿಸಲು ಹೇಳುವುದಕ್ಕಿಂತ, ‘ನಿಮ್ಮ ಮನೆಯಲ್ಲೂ ಹೀಗಾಗಿತ್ತೇ?’ ಎಂದು ಕೇಳಿದರೆ ಮಗು ಮಾತನಾಡುತ್ತದೆ. ಆ ಮಾತನ್ನು ಮೇಲ್ವಿಚಾರಕರು ಪುಸ್ತಕದ ಹೆಸರಿನೊಡನೆ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬಹುದು. ಮುಂದಿನ ಖರೀದಿ ಪಟ್ಟಿ ಸಭೆಯ ಮುಂದೆ ಬಂದಾಗ, ಅದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಷ್ಟೇ ಇವೆಯೋ, ಮಕ್ಕಳು ಕೇಳಿದ ಪುಸ್ತಕಗಳೂ ಇವೆಯೋ ಎಂಬುದನ್ನು ಸದಸ್ಯರು ಆ ಟಿಪ್ಪಣಿಯೊಡನೆ ಹೋಲಿಸಿ ನೋಡಬಹುದು.