ಹಾಳೂರಿನ ಒಡೆತನ

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ನಾವು ನಗುತ್ತ ಆಡುತ್ತೇವೆ. ಆದರೆ ಹಾಳೂರಿನಲ್ಲಿ ಯಾರೊಬ್ಬನೂ ಉಳಿಯದೆ ಹೋದರೆ ಗೌಡಿಕೆ ಯಾರ ಪಾಲಾಗುತ್ತದೆ? ಅದರ ಚರಿತ್ರೆಯನ್ನು ಬರೆದವನ ಪಾಲಾಗುತ್ತದೆಂಬುದು ನನಗೆ ಮನವರಿಕೆಯಾದುದು ಪೂರ್ವ ಆಫ್ರಿಕದ ಗೆಡಿ ಎಂಬ ಹಾಳೂರಿನಲ್ಲಿ.

ಗೆಡಿ ಇರುವುದು ಕೀನ್ಯ ದೇಶದಲ್ಲಿ, ಮಾಲಿಂದಿ ಪಟ್ಟಣಕ್ಕೆ ಸಮೀಪ, ಕಡಲಿಗೆ ತುಸು ಒಳಗಾಗಿ, ಕಾಡಿನ ನಡುವೆ. ಹವಳದ ಕಲ್ಲು ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಅರಮನೆ, ಮಸೀದಿಗಳು, ಬಾವಿಗಳು, ಗೋರಿಗಳು; ಆ ಗೋಡೆಗಳನ್ನು ಬೇರುಗಳಿಂದ ತಬ್ಬಿ ನಿಂತ ಮರಗಳು. ಅವುಗಳ ನಡುವೆ ನಮ್ಮ ಸವಣೂರಿನ ದೊಡ್ಡ ಹುಣಸೆಯ ಜಾತಿಯದೇ ಆದ ಬಾವೊಬಾಬ್ ಮರವನ್ನು ಕಂಡಾಗ ಪರದೇಶದಲ್ಲಿ ಪರಿಚಿತರ ಮುಖ ಕಂಡಂತಾಯಿತು. ಒಂದು ಗೋರಿಯ ಮೇಲೆ ಹಿಜರಿ 802, ಎಂದರೆ ಕ್ರಿ. ಶ. 1399ರ ಬರಹವಿದೆ. ನೆಲದಡಿಯಲ್ಲಿ ಚೀನದ ಪಿಂಗಾಣಿಯ ಚೂರುಗಳು ದೊರೆತಿವೆ. ಹದಿನೇಳನೆಯ ಶತಮಾನದಲ್ಲಿ ಊರು ಬರಿದಾಯಿತು.

ಇಂಥ ಹಾಳೂರುಗಳು ಸೊಮಾಲಿಯದಿಂದ ಮೊಸಾಂಬಿಕಿನವರೆಗೆ ಕರಾವಳಿಯುದ್ದಕ್ಕೂ ಹರಡಿವೆ. ಅವುಗಳಲ್ಲೆಲ್ಲ ಹಿರಿದು ಟಾಂಜಾನಿಯದ ಕಿಲ್ವ. 1331ರಲ್ಲಿ ಅಲ್ಲಿಗೆ ಬಂದಿದ್ದ ಇಬ್ನ್ ಬತೂತನು ಊರಿನ ಚೆಲುವನ್ನು ಹೊಗಳಿ, ಅಲ್ಲಿನ ಜನರಲ್ಲಿ ಹೆಚ್ಚಿನವರು ಮುಖದ ಮೇಲೆ ಗೀರುಗುರುತುಗಳಿರುವ ಕಪ್ಪು ಮೈಬಣ್ಣದವರೆಂದು ಬರೆದಿದ್ದಾನೆ.

ಬಹುಕಾಲ ಚರಿತ್ರೆಯ ಅಧ್ಯಾಪಕನಾಗಿದ್ದ ನಾನು, ‘ಇವು ಅರಬ್ಬರೂ ಪಾರಸಿಕರೂ ಬಂದು ಕಟ್ಟಿದ ನಗರಗಳು’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಅವರು ಬಂದಾಗ ಅಲ್ಲಿ ಯಾರೂ ಇರಲಿಲ್ಲವೇ, ಸಾರ್?’ ಎಂದು ಕೇಳಿದಳು. ಇದ್ದರು ಎಂದೆ. ‘ಹಾಗಾದರೆ ಅವರೇನು ಮಾಡುತ್ತಿದ್ದರು?’ ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಪಾರಾದೆ, ಪ್ರಶ್ನೆ ಮಾತ್ರ ಬಿಡಲಿಲ್ಲ.

ನನ್ನ ಆ ವಾಕ್ಯ ನನ್ನ ಕಲ್ಪನೆಯೇನಲ್ಲ. ಷಿರಾಜಿನ ರಾಜಕುಮಾರ ಅಲಿ ಬಿನ್ ಹಸನನು ಹಡಗೇರಿ ಬಂದು, ದ್ವೀಪವನ್ನು ಸುತ್ತುವಷ್ಟು ಬಟ್ಟೆಯನ್ನು ಬೆಲೆಯಾಗಿ ಕೊಟ್ಟು ಕಿಲ್ವವನ್ನು ಕೊಂಡನೆಂದು ಅಲ್ಲಿನ ಅರಸರ ಹಳೆಯ ಇತಿವೃತ್ತ ಹೇಳುತ್ತದೆ. ಅದರ ಒಂದು ಪಾಠವನ್ನು ಪೋರ್ಚುಗೀಸ್ ಚರಿತ್ರಕಾರ ಬಾರೋಸನು 1552ರಲ್ಲಿ ಅಚ್ಚಿಗೆ ತಂದ. ನಾಲ್ಕು ಶತಮಾನಗಳ ಅನಂತರ, 1948ರಿಂದ ಗೆಡಿಯಲ್ಲಿ ಉತ್ಖನನ ನಡೆಸಿದ ಜೇಮ್ಸ್ ಕರ್ಕ್‌ಮನ್, ಈ ಸ್ಮಾರಕಗಳು ಆಫ್ರಿಕದವರವಲ್ಲ, ಅರಬ್ಬರವು ಮತ್ತು ಅರಬ್ಬರಂತಾದ ಪಾರಸಿಕರವು ಎಂಬ ಅಭಿಪ್ರಾಯವನ್ನು 1964ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಗೆಡಿಯನ್ನು ಮಣ್ಣಿನಿಂದ ಮೇಲೆತ್ತಿದ ಶ್ರಮ ಅವರದು. ಆ ಋಣವನ್ನು ಮರೆಯಲಾಗದು. ಆದರೆ ಅಲ್ಲಿನ ದೊಡ್ಡ ಮಸೀದಿಯ ಬಾಗಿಲೊಂದರ ಕಮಾನಿನ ಪಕ್ಕದಲ್ಲಿ ಅಗಲ ಅಲಗಿನ ಭರ್ಜಿಯೊಂದನ್ನು ಕೆತ್ತಿದ್ದಾರೆ. ಭರ್ಜಿ ಆ ನಾಡಿನ ಅಧಿಕಾರದ ಲಾಂಛನ. ಕೆತ್ತಿದ ಕೈ ತಾನಾರೆಂದು ಹೇಳಿಕೊಂಡಂತಿತ್ತು.

ಇದು ಪಂಡಿತರ ಕೋಣೆಯೊಳಗಿನ ಜಗಳ ಮಾತ್ರವಲ್ಲ. ಅದೇ 1964ರ ಜನವರಿಯಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾಗಿ ಸುಲ್ತಾನನು ಪದಚ್ಯುತನಾದ. ಅರಬ್ಬರೇ ಮೊದಲಾದ ಸಾವಿರಾರು ಜನ ಹತರಾದರು. ಗುಲಾಮರ ವ್ಯಾಪಾರದ, ಭೂ ಒಡೆತನದ ಕಹಿ ಆ ರೋಷದ ಹಿಂದಿತ್ತು. ಆದರೂ ‘ಇವರು ನಮ್ಮವರು, ಅವರು ಪರಕೀಯರು’ ಎಂದು ಗೆರೆಯೆಳೆಯುವ ಮಾತಿಗೆ ಎಂಥ ಬೆಲೆ ತೆರಬೇಕಾಗುತ್ತದೆಂಬುದನ್ನು ಆ ಕರಾವಳಿ ಬಲ್ಲುದು.

ಹುಡುಗಿಯ ಪ್ರಶ್ನೆಗೆ ಉತ್ತರ ದೊರೆತುದು ಪಾತೆ ದ್ವೀಪದ ಷಾಂಗ ಎಂಬ ಹಾಳೂರಿನಲ್ಲಿ. 1980ರಿಂದ ಅಲ್ಲಿ ಅಗೆದ ಮಾರ್ಕ್ ಹಾರ್ಟನ್, ಕಲ್ಲಿನ ಮಸೀದಿಯ ಅಡಿಯಲ್ಲಿ ಒಂದರ ಕೆಳಗೊಂದರಂತೆ ಹಳೆಯ ಮಸೀದಿಗಳನ್ನು ಕಂಡರು. ಅತ್ಯಂತ ಕೆಳಗಿನದು ಎಂಟನೆಯ ಶತಮಾನದ, ಮರದ ಕಂಬಗಳ ಕಿರಿದಾದ ಗುಡಿಸಲು. ಸುತ್ತಲಿನ ಮಡಕೆಯ ಚೂರುಗಳಲ್ಲಿ ಬಹುಪಾಲು ಆ ನೆಲದವು. ಮರ ಹೋಗಿ ಹವಳದ ಕಲ್ಲು ಬಂದುದು ತಲೆಮಾರುಗಳ ಕ್ರಮದಲ್ಲಿ; ಒಂದು ದಿನ ಹಡಗಿನಿಂದ ಇಳಿದ ನಗರವಲ್ಲ ಅದು. ಭಾಷೆಯ ಸಾಕ್ಷ್ಯವೂ ಹೀಗೆಯೇ. ಸ್ವಾಹಿಲಿ ಎಂಬ ಹೆಸರು ಅರಬ್ಬಿಯದು, ಶಬ್ದಕೋಶದಲ್ಲಿಯೂ ಅರಬ್ಬಿ ಧಾರಾಳ; ಆದರೆ ವ್ಯಾಕರಣದ ಎಲುಬು ಬಾಂಟು ಕುಲದ್ದು. ಸಂಸ್ಕೃತ ಶಬ್ದಗಳಿಂದ ತುಂಬಿಯೂ ಕನ್ನಡವಾಗಿಯೇ ಉಳಿದ ನುಡಿಯನ್ನಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ತಿಳಿದ ಮೇಲೆ ನಾನು ಹಳೆಯ ವಾಕ್ಯವನ್ನು ಹೊಡೆದುಹಾಕಿ, ‘ಷಿರಾಜಿನ ಕಥೆ ಬರಿಯ ಕಟ್ಟುಕಥೆ’ ಎಂದು ಅಷ್ಟೇ ಧೈರ್ಯದಿಂದ ಹೇಳತೊಡಗಿದೆ. ಅದೂ ಆತುರದ ಮಾತೇ. 2023ರಲ್ಲಿ ವಿಜ್ಞಾನಿಗಳು ಈ ಕರಾವಳಿ ಮತ್ತು ಅದರ ಒಳನಾಡಿನ 80 ಮಂದಿ ಪ್ರಾಚೀನರ ಅವಶೇಷಗಳಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದ ಫಲಿತಾಂಶವು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರಾವಳಿಯವರ ತಾಯಿಯ ಕಡೆಯ ಪೂರ್ವಿಕರು ಬಹುತೇಕ ಆಫ್ರಿಕದವರು. ತಂದೆಯ ಕಡೆಯವರಲ್ಲಿ ಬಹುಮಂದಿ ಪರ್ಷಿಯದವರು. ಕೊಂಚ ಭಾರತದ ರಕ್ತವೂ ಉಂಟು. ಈ ಬೆರಕೆ ಸುಮಾರು ಕ್ರಿ. ಶ. 1000ದ ಹೊತ್ತಿಗೆ ಮೊದಲಾಯಿತು. ಇತಿವೃತ್ತಕಾರನು ಸುಳ್ಳಾಡಿರಲಿಲ್ಲ; ತಂದೆಯನ್ನು ನೆನೆದು ತಾಯಿಯನ್ನು ಮರೆತಿದ್ದ, ಅಷ್ಟೆ.

ಕಾಲಗಣನೆಯನ್ನು ಗಮನಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಷಾಂಗದ ಮರದ ಮಸೀದಿ ಎಂಟನೆಯ ಶತಮಾನದ್ದು. ರಕ್ತದ ಬೆರಕೆ ಅದಕ್ಕೆ ಇನ್ನೂರು ವರ್ಷ ಈಚಿನದು. ಊರು ಮೊದಲು, ನಂಟು ಅನಂತರ. ಮಳೆಗಾಳಿಯನ್ನು ನಂಬಿ ಬಂದ ವರ್ತಕರು ಅಲ್ಲಿಯ ಮನೆಗಳಲ್ಲಿ ಮದುವೆಯಾಗಿ ನಿಂತರು. ಅವರ ಮಕ್ಕಳು ತಾಯಿಯ ನುಡಿಯನ್ನೇ ಆಡಿದರು.

ಆ ಹುಡುಗಿ ಈಗ ಎಲ್ಲಿರುವಳೋ ನಾನರಿಯೆ. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಅಂದು ಗಂಟೆಯ ಮರೆಯಲ್ಲಿ ನುಂಗಿದ ಉತ್ತರವನ್ನು ಇಂದು ಒಪ್ಪಿಸುತ್ತೇನೆ: ಅವರು ಊರು ಕಟ್ಟುತ್ತಿದ್ದರು, ತಾಯಿ. ಬಂದವರು ಆ ಊರಿಗೆ ಅಳಿಯಂದಿರಾದರು.