ಇಳಿದು ಹೋಗಿ ಅಪ್ಪಿಕೊಳ್ಳೋಣ
ಕ್ರಿಸ್ತರಾಜರ ಹಬ್ಬ ಹಾಗೂ ಯುವಜನರ ದಿನದ ಚಿಂತನೆ



ದೈವಾರಾಧನಾ ವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವೆ. ಇದೇ ಭಾನುವಾರ ಯುವಜನರ ದಿನವೂ ಹೌದು. ಸಂತ ಎರಡನೇ ಜಾನ್ ಪೌಲರು 1985ರಲ್ಲಿ ವಿಶ್ವ ಯುವಜನ ದಿನವನ್ನು ಘೋಷಿಸಿದರು. ಮೊದಲು ಗರಿಗಳ ಭಾನುವಾರದಂದು ನಡೆಯುತ್ತಿದ್ದ ಧರ್ಮಪ್ರಾಂತ್ಯ ಮಟ್ಟದ ಆಚರಣೆಯನ್ನು ವಿಶ್ವಗುರು ಫ್ರಾನ್ಸಿಸ್‌ರವರು 2021ರಿಂದ ಕ್ರಿಸ್ತರಾಜರ ಹಬ್ಬಕ್ಕೆ ವರ್ಗಾಯಿಸಿದರು.

ಆ ದಿನ ದೇವಾಲಯದಲ್ಲಿ ಯುವಜನರಿಗಾಗಿ ಪ್ರಾರ್ಥಿಸುವಾಗ ನಮ್ಮ ಕಣ್ಣು ತಾನಾಗಿಯೇ ಸುತ್ತ ಹುಡುಕುತ್ತದೆ. ಅಜ್ಜಿಯರಿದ್ದಾರೆ, ತಾಯಂದಿರಿದ್ದಾರೆ, ಪರಮಪ್ರಸಾದ ಸ್ವೀಕರಿಸಲು ಸಿದ್ಧರಾಗುತ್ತಿರುವ ಮಕ್ಕಳಿದ್ದಾರೆ. ಹದಿನೆಂಟರಿಂದ ಮೂವತ್ತರವರು ಎಲ್ಲಿ? ಈ ಪ್ರಶ್ನೆಯನ್ನು ನಾವು ಬಹಳ ಸಲ ದೂರಿನ ದನಿಯಲ್ಲಿ ಕೇಳಿದ್ದೇವೆ. ಇಂದು ಬೇರೆ ರೀತಿಯಲ್ಲಿ ಕೇಳೋಣ.

ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಯೂತಿಕನೆಂಬ ಯುವಕನ ಪ್ರಸಂಗವಿದೆ. ವಾರದ ಮೊದಲನೆಯ ದಿನ ತ್ರೋವ ಪಟ್ಟಣದಲ್ಲಿ ವಿಶ್ವಾಸಿಗಳು ರೊಟ್ಟಿ ಮುರಿಯಲು ಮೇಲಂತಸ್ತಿನಲ್ಲಿ ಕೂಡಿದ್ದರು. ಸಂತ ಪೌಲರು ಮಾರನೆಯ ದಿನ ಹೊರಡಬೇಕಾಗಿದ್ದರಿಂದ ಮಧ್ಯರಾತ್ರಿಯವರೆಗೂ ಬೋಧಿಸಿದರು. ಕಿಟಕಿಯಲ್ಲಿ ಕುಳಿತಿದ್ದ ಯೂತಿಕನಿಗೆ ಗಾಢನಿದ್ರೆ ಹತ್ತಿತು. ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದಾಗ ಸತ್ತಿದ್ದ. ಪೌಲರು ಮೇಲೆಯೇ ನಿಂತು ಅವನನ್ನು ಆಕ್ಷೇಪಿಸಲಿಲ್ಲ. ಕೆಳಗಿಳಿದು ಹೋದರು, ಅವನ ಮೇಲೆ ಬಾಗಿ ಅಪ್ಪಿಕೊಂಡರು, ಅವನಲ್ಲಿ ಜೀವವಿದೆ ಎಂದು ಜನರಿಗೆ ಧೈರ್ಯ ಹೇಳಿದರು. ಆಮೇಲೆ ಮೇಲೆ ಬಂದು ರೊಟ್ಟಿ ಮುರಿದರು. ಜನರು ಯುವಕನನ್ನು ಜೀವಂತವಾಗಿ ಕರೆದುಕೊಂಡು ಹೋದರು.

ಯೂತಿಕ ಸಭೆಯನ್ನು ಬಿಟ್ಟು ಹೋದವನಲ್ಲ. ಅವನು ಬಂದಿದ್ದ. ಆದರೆ ಅಂಚಿನಲ್ಲಿ ಕುಳಿತಿದ್ದ, ನಿದ್ರೆ ತಡೆಯಲಾರದ ಸ್ಥಿತಿಯಲ್ಲಿದ್ದ. ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ನಮ್ಮ ಮಕ್ಕಳನ್ನು ಅರಿಯಲು ಇವನಿಗಿಂತ ಒಳ್ಳೆಯ ಉದಾಹರಣೆ ಬೇಡ.

ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಗಣಿಗಾರಿಕೆ ಆರಂಭಿಸಿದಾಗಿನಿಂದ ಊರು ಬೆಳೆದದ್ದೇ ಗಣಿಯ ಸುತ್ತ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಉರಿಗಾಂ, ಕೋರಮಂಡಲ್‌ನ ಲೈನ್ ಮನೆಗಳಲ್ಲಿ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರದೂ ಶಿಫ್ಟಿನ ಬದುಕು. ದುಡಿಮೆ ಕಠಿಣವಾಗಿತ್ತು, ಅಪಾಯವೂ ಇತ್ತು. ಆದರೂ ದುಡಿಮೆ, ಮನೆ, ದೇವಾಲಯ ಒಂದೇ ಊರಿನಲ್ಲಿದ್ದವು. ಯುವಕರ ಕೂಟವನ್ನು ಯಾರೂ ಕಟ್ಟಬೇಕಾಗಿರಲಿಲ್ಲ. ಸಂಜೆ ಬೀದಿಗೆ ಬಂದರೆ ಕೂಟ ಅಲ್ಲೇ ಇರುತ್ತಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಹೆಚ್ಚಿನ ಮನೆಗಳ ಗಡಿಯಾರ ರೈಲಿನದು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಸುಮಾರು 16 ಕಿಲೋಮೀಟರ್, ಅಲ್ಲಿಂದ ಮಾಲೂರು, ವೈಟ್‌ಫೀಲ್ಡ್ ದಾಟಿ ಬೆಂಗಳೂರಿಗೆ ಸುಮಾರು 70. ಸಾವಿರಾರು ಜನ ದಿನವೂ ಈ ದಾರಿಯಲ್ಲಿ ಹೋಗಿ ಬರುತ್ತಾರೆ. ತಾಯಿ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟುತ್ತಾಳೆ. ಮಗಳು ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುತ್ತಾಳೆ. ಇನ್ನು ಕೆಲವರು ಓದಿಗಾಗಿ ನಗರದ ಪಿ.ಜಿ.ಗಳಲ್ಲಿ ಉಳಿದು ತಿಂಗಳಿಗೊಮ್ಮೆ ಬರುತ್ತಾರೆ. ಭಾನುವಾರ ಅವರಿಗೆ ಸಿಗುವ ಒಂದೇ ನಿದ್ರೆಯ ದಿನ.

ಇನ್ನು ನಾವು ಮಾಡುವುದೇನು? ಯುವಜನರ ಸಭೆಯನ್ನು ಶನಿವಾರ ಸಂಜೆ ಐದಕ್ಕೆ ಇಡುತ್ತೇವೆ. ಅಷ್ಟು ಹೊತ್ತಿಗೆ ಅವರು ಇನ್ನೂ ಬೆಂಗಳೂರಿನಲ್ಲೇ ಇರುತ್ತಾರೆ. ನಾಲ್ಕು ಜನ ಬಂದರೆ, ಈಗಿನವರಿಗೆ ಭಕ್ತಿಯಿಲ್ಲ ಎನ್ನುತ್ತೇವೆ. ಹಬ್ಬ ಬಂದಾಗ ಮಾತ್ರ ಸೀರಿಯಲ್ ಲೈಟ್ ಕಟ್ಟಲು, ತೇರು ಎಳೆಯಲು, ಊಟ ಬಡಿಸಲು ಅವರ ನೆನಪಾಗುತ್ತದೆ. ಮೇಲಂತಸ್ತಿನಲ್ಲೇ ನಿಂತು, ಏಕೆ ಬಿದ್ದೆ ಎಂದು ಕೇಳಿದಂತೆ ಇದು.

ಇಂಥದೇ ನೋವನ್ನು ನೂರು ವರ್ಷಗಳ ಹಿಂದೆ ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡೈನ್ ಅನುಭವಿಸಿದರು. 1882ರಲ್ಲಿ ಬಡ ದುಡಿಮೆಗಾರರ ಮನೆಯಲ್ಲಿ ಹುಟ್ಟಿದ ಅವರು ಗುರುಮಠಕ್ಕೆ ಸೇರಿ ರಜೆಗೆ ಊರಿಗೆ ಬಂದಾಗ, ಕಾರ್ಖಾನೆ ಸೇರಿದ್ದ ಶಾಲಾ ಗೆಳೆಯರು ಧರ್ಮಸಭೆಯಿಂದ ದೂರವಾಗಿರುವುದನ್ನು ಕಂಡರು. ಅವರನ್ನು ದೂರಲಿಲ್ಲ, ಅವರಿಗಾಗಿ ಬದುಕನ್ನೇ ಮುಡಿಪಿಟ್ಟರು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆಯನ್ನು ಸ್ಥಾಪಿಸಿದರು. ನಮ್ಮ ಶಾಲೆಗಳಲ್ಲಿ ಹಲವರು ಬಲ್ಲ ವೈ.ಸಿ.ಎಸ್. ಕೂಡ ಇದೇ ದಾರಿಯಲ್ಲಿ ನಡೆದು ಬಂದದ್ದು. ಕಾರ್ಡೈನ್‌ರು ದೊಡ್ಡ ಸಮಾವೇಶಗಳಿಗಿಂತ ಮೊದಲು ಚಿಕ್ಕ ಚಿಕ್ಕ ತಂಡಗಳನ್ನು ಕಟ್ಟಿದರು. ಅವರ ವಿಧಾನ ಮೂರು ಮಾತಿನದು: ನೋಡು, ವಿಮರ್ಶಿಸು, ಕಾರ್ಯಗೈ. ವಿಶ್ವಗುರು ಇಪ್ಪತ್ತಮೂರನೇ ಜಾನ್‌ರು 1961ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು.

ಈ ಮೂರು ಮಾತು ನಮ್ಮ ಊರುಗಳಲ್ಲಿ ಹೇಗೆ ಕೆಲಸಕ್ಕೆ ಬಂದಾವು?

ಮೊದಲನೆಯದು, ನೋಡುವುದು. ಧರ್ಮಕೇಂದ್ರದ ಪ್ರತಿ ವಲಯದಲ್ಲೂ ಇಬ್ಬರು ಮೂವರು ಯುವಜನರೇ ಮನೆಮನೆಗೆ ಹೋಗಿ ಕೇಳಲಿ: ಯಾರು ಎಲ್ಲಿ ಓದುತ್ತಿದ್ದಾರೆ, ಯಾರು ಯಾವ ರೈಲಿಗೆ ಹೋಗುತ್ತಾರೆ, ಯಾರಿಗೆ ವಾರದ ರಜೆ ಭಾನುವಾರವಲ್ಲ, ಯಾರು ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದಾರೆ. ಹಾಜರಿ ಹಾಕಲು ಅಲ್ಲ, ಅರಿಯಲು. ಒಂದೇ ಬೋಗಿಯಲ್ಲಿ ವರ್ಷಗಟ್ಟಲೆ ಪ್ರಯಾಣ ಮಾಡುತ್ತಿದ್ದರೂ ತಾವಿಬ್ಬರೂ ಒಂದೇ ಧರ್ಮಕೇಂದ್ರದವರು ಎಂದು ತಿಳಿಯದವರು ಇದ್ದಾರು. ಕೂಟದ ಬೀಜ ಆ ಬೋಗಿಯಲ್ಲೇ ಇದೆ. ಪುನರುತ್ಥಾನರಾದ ಯೇಸು ಎಮ್ಮಾವಿನ ದಾರಿಯಲ್ಲಿ ಇಬ್ಬರ ಜೊತೆ ನಡೆದದ್ದೂ ಅವರು ಹೊರಟಿದ್ದ ದಾರಿಯಲ್ಲೇ ಅಲ್ಲವೇ?

ಎರಡನೆಯದು, ವಿಮರ್ಶಿಸುವುದು. ಏಳೆಂಟು ಜನರ ತಂಡ ಹದಿನೈದು ದಿನಕ್ಕೊಮ್ಮೆ ಸೇರಲಿ. ಭಾನುವಾರದ ಶುಭಸಂದೇಶ ಓದಲಿ, ಆ ವಾರ ತಾವು ಕಂಡದ್ದನ್ನು ಅದರ ಬೆಳಕಿನಲ್ಲಿಟ್ಟು ಮಾತನಾಡಲಿ. ಸಂದರ್ಶನದಲ್ಲಿ ಸೋತದ್ದು, ಫೋನಿನ ಆ್ಯಪ್‌ನಲ್ಲಿ ಮಾಡಿದ ಸಾಲ, ಕುಡಿತಕ್ಕೆ ಬಿದ್ದ ಗೆಳೆಯ, ಮನೆಯಲ್ಲಿ ಹೇಳಲಾಗದ ಒಂಟಿತನ, ಎಲ್ಲಕ್ಕೂ ಅಲ್ಲಿ ಜಾಗವಿರಲಿ. ಗುರುಗಳು, ಸಿಸ್ಟರ್‌ಗಳು ಕೇಳಿಸಿಕೊಳ್ಳುವವರಾಗಿ ಕೂರಲಿ. ನಮ್ಮ ಮಕ್ಕಳು ಮನೆಯಲ್ಲಿ ತಮಿಳು, ತೆಲುಗು, ಕನ್ನಡ, ಕೊಂಕಣಿ ಆಡುವವರು. ತಂಡದಲ್ಲಿ ಯಾರಿಗೆ ಯಾವ ಭಾಷೆಯಲ್ಲಿ ಅಳು ಬರುತ್ತದೋ ಆ ಭಾಷೆಯಲ್ಲಿ ಮಾತನಾಡಲಿ. ಪವಿತ್ರಾತ್ಮರಿಗೆ ಎಲ್ಲ ಭಾಷೆಯೂ ಬರುತ್ತದೆ.

ಮೂರನೆಯದು, ಕಾರ್ಯಗೈಯುವುದು. ಪ್ರತಿ ಸಭೆಯ ಕೊನೆಗೆ ಒಂದೇ ಒಂದು ಕೆಲಸ ನಿಶ್ಚಯವಾಗಲಿ. ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಹೊಸದಾಗಿ ನಗರಕ್ಕೆ ಹೋಗುವವಳಿಗೆ ಸುರಕ್ಷಿತ ಪಿ.ಜಿ. ಹುಡುಕಿಕೊಡುವುದು, ತಡರಾತ್ರಿ ಇಳಿಯುವ ಹೆಣ್ಣುಮಕ್ಕಳು ಒಟ್ಟಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು, ಧೂಳಿನಿಂದ ಶ್ವಾಸಕೋಶ ಕೆಟ್ಟ ಹಿರಿಯ ಗಣಿ ಕಾರ್ಮಿಕರನ್ನು ಭೇಟಿಮಾಡುವುದು. ಸಣ್ಣ ಕೆಲಸವೇ ಆಗಲಿ, ಮುಗಿಯಬೇಕು. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ತಂಡಗಳು ಮೂರು ತಿಂಗಳಿಗೊಮ್ಮೆ ಒಂದಾಗಿ ಬಲಿಪೂಜೆಯಲ್ಲಿ ಪಾಲ್ಗೊಂಡು ಊಟ ಮಾಡಿದರೆ ಎರಡೂ ಊರಿಗೆ ಬಲ.

ತಂದೆತಾಯಿಗಳಿಗೆ ಒಂದು ಮಾತು. ಮಗ ಭಾನುವಾರ ತಡವಾಗಿ ಎದ್ದರೆ ಗದರುವ ಮೊದಲು, ವಾರವೆಲ್ಲಾ ಹೇಗಿತ್ತು ಎಂದು ಕೇಳಿ. ಪಾಲನಾ ಸಮಿತಿಯವರಿಗೂ ಒಂದು ಮಾತು. ಯುವಜನರಿಗೆ ಬೆಂಚು ಹೊರುವ ಕೆಲಸ ಕೊಟ್ಟಂತೆ ತೀರ್ಮಾನದಲ್ಲೂ ಪಾಲು ಕೊಡಿ. ವಿಶ್ವಗುರು ಫ್ರಾನ್ಸಿಸ್‌ರವರು 2019ರಲ್ಲಿ ಯುವಜನರಿಗೆ ಬರೆದ ಪ್ರೇರಣಾ ಪತ್ರದಲ್ಲಿ, ಅವರು ಧರ್ಮಸಭೆಯ ನಾಳೆ ಮಾತ್ರವಲ್ಲ, ಇಂದು ಕೂಡ ಎಂದು ತಿಳಿಸಿದ್ದಾರೆ.

ಗಣಿಯ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಳದಲ್ಲಿ ಬಂಡೆ ಸಿಡಿದು ಮನುಷ್ಯರು ಸಿಕ್ಕಿಬಿದ್ದಾಗ, ಏಕೆ ಅಲ್ಲಿಗೆ ಹೋದೆ ಎಂದು ಮೇಲಿನಿಂದ ಯಾರೂ ಕೇಳುತ್ತಿರಲಿಲ್ಲ. ರಕ್ಷಣಾ ತಂಡ ಇಳಿಯುತ್ತಿತ್ತು. ನಮ್ಮ ಅರಸ ಕ್ರಿಸ್ತರೂ ಇಳಿದು ಬಂದ ಅರಸರೇ. ಹಸಿದವರಲ್ಲಿ, ಪರದೇಶಿಗಳಲ್ಲಿ, ರೋಗಿಗಳಲ್ಲಿ ತಮ್ಮನ್ನು ಕಾಣಬೇಕೆಂದು ಅವರು ಬೋಧಿಸಿದರು. ರಾತ್ರಿಯ ರೈಲಿನ ಕಿಟಕಿಗೆ ತಲೆಯಾನಿಸಿ ನಿದ್ರಿಸುತ್ತಿರುವ ನಮ್ಮ ಮಗನಲ್ಲಿ, ಮಗಳಲ್ಲಿ ಅವರನ್ನು ಕಾಣೋಣ. ಅವರಲ್ಲಿ ಜೀವವಿದೆ. ಇಳಿದು ಹೋಗೋಣ, ಅಪ್ಪಿಕೊಳ್ಳೋಣ, ಜೊತೆಯಲ್ಲಿ ರೊಟ್ಟಿ ಮುರಿಯೋಣ. ಅದಕ್ಕೆ ಬೇಕಾದ ಕೃಪೆಯನ್ನು ಕ್ರಿಸ್ತರಾಜರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.